ಕಲ್ಲು ಉಳಿದರೆ ಸಾಕೆ?

ಕಲ್ಲಿಗೆ ಅಳಿವಿಲ್ಲವೆಂಬುದು ರೂಢಿಯ ಮಾತು. ಆದರೆ ಕಲ್ಲು ಉಳಿದೂ ಅದರ ನುಡಿ ಅಡಗಿಹೋಗುವುದುಂಟು. ಚೆನ್ನೈಯ ಪರಂಗಿಮಲೆಯ ಮೇಲಿರುವ ಶಿಲುಬೆಯ ಕಲ್ಲು ಇದಕ್ಕೆ ನಿದರ್ಶನ.

1547ರಲ್ಲಿ ಪೋರ್ಚುಗೀಸರು ಆ ಗುಡ್ಡದ ಮೇಲೆ ಇಗರ್ಜಿ ಕಟ್ಟಲೆಂದು ನೆಲ ಅಗೆಯುತ್ತಿದ್ದಾಗ ಶಿಲಾಫಲಕವೊಂದು ದೊರೆಯಿತು. ನಡುವೆ ಉಬ್ಬಾಗಿ ಕಡೆದ ಶಿಲುಬೆ, ಅದರ ಬುಡದಲ್ಲಿ ಎಲೆಗಳು, ಮೇಲಿನಿಂದ ಇಳಿದು ಬರುವ ಪಾರಿವಾಳ, ಸುತ್ತಲೂ ಯಾರಿಗೂ ತಿಳಿಯದ ಲಿಪಿ. ಹಿಂದೆ ಎಲ್ಲಿಯೋ ನಿಂತಿದ್ದ ಆ ಕಲ್ಲು ಹೊಸ ಇಗರ್ಜಿಯ ಪೂಜಾವೇದಿಕೆಯನ್ನೇರಿತು. ಓದಲು ಬಾರದ ಅಕ್ಷರಗಳ ಸುತ್ತ ಐತಿಹ್ಯ ಬೆಳೆಯುವುದು ಸಹಜವಷ್ಟೆ! ಸಂತ ತೋಮನ ಬಲಿದಾನದ ಕಥೆಯೇ ಅಲ್ಲಿ ಬರೆದಿದೆಯೆಂದು ನಂಬಿಕೆ ಹುಟ್ಟಿತು.

ಮುನ್ನೂರು ವರ್ಷಗಳಿಗೂ ಮೀರಿದ ಈ ಒಗಟನ್ನು ಬಿಡಿಸಿದ ಹೊತ್ತಗೆ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ. 1873ರಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಆ ಪುಸ್ತಿಕೆಯಲ್ಲಿ ನ್ಯಾಯಾಧಿಕಾರಿ ಎ. ಸಿ. ಬರ್ನೆಲ್ ಅವರು ಆ ಲಿಪಿ ಪ್ರಾಚೀನ ಪಾರಸಿಕರ ಪಹ್ಲವಿಯೆಂದು ತೋರಿಸಿದರು. ಅಲ್ಲಿದ್ದುದು ಬಲಿದಾನದ ಕಥೆಯಲ್ಲ. ಕ್ರಿಸ್ತನ ಕರುಣೆಯನ್ನು ಬೇಡುವ ಕಿರುಪ್ರಾರ್ಥನೆಯೆಂಬುದು ಈಚಿನ ವಿದ್ವಾಂಸರ ಮತ. ಪಾರಸಿಕ ದೇಶದ ಕ್ರೈಸ್ತರೊಡನೆ ದಕ್ಷಿಣಕ್ಕಿದ್ದ ಕಡಲ ನಂಟಿಗೆ ಆ ಕಲ್ಲು ಸಾಕ್ಷಿಯಾಯಿತು.

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯವರಿಗೆ ಇದು ಪರರ ಸಂಗತಿಯಲ್ಲ. ಆಳುಪರ ರಾಜಧಾನಿಯಾಗಿದ್ದ ಬಾರಕೂರು, ಹಳೆಯ ರೇವುಪಟ್ಟಣವಾದ ಬಸರೂರು ಇವೆರಡೂ ಶಾಸನಶಿಲೆಗಳ ಆಗರಗಳು. ಕರಾವಳಿಯ ಶಾಸನಗಳಲ್ಲಿ ‘ಹಂಜಮಾನ’ವೆಂಬ ವರ್ತಕ ಸಮೂಹದ ಹೆಸರು ಬರುತ್ತದೆ. ಪಾರಸಿಯ ‘ಅಂಜುಮನ್’ ಕನ್ನಡದ ಕಲ್ಲಿನಲ್ಲಿ ತಾಳಿದ ರೂಪವಿದು. ಒಂದೇ ಒಂದು ಪದ, ಒಂದು ಕಡಲಿನಷ್ಟು ಇತಿಹಾಸ!

ಇಂಥ ಕಲ್ಲು ಬಾವಿಕಟ್ಟೆಯ ಬಳಿ ಬಟ್ಟೆ ಒಗೆಯುವ ಕಲ್ಲಾದರೆ ಅಕ್ಷರ ಸವೆಯುತ್ತದೆ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಅದರ ಬರಹದ ಮುಖ ಗೋಡೆಯೊಳಕ್ಕೆ ತಿರುಗಿದರೆ, ಇಲ್ಲವೆ ದಪ್ಪ ಬಣ್ಣದಡಿ ಮುಚ್ಚಿದರೆ, ಊರಿನ ಚರಿತ್ರೆಯ ಒಂದು ಪುಟವೇ ಮರೆಯಾಗುತ್ತದೆ.

ಹಳೆಯ ಕಲ್ಲನ್ನು ಮತ್ತೆ ಬಳಸುವುದು ಅಪರಾಧವೇನಲ್ಲ. ವೇದಿಕೆಯೇರಿ ಪೂಜೆಗೊಂಡದ್ದರಿಂದಲೇ ಪರಂಗಿಮಲೆಯ ಶಿಲುಬೆ ಜೋಪಾನವಾಯಿತು. ಆದರೆ ಅದರ ಬರಹ ಕಣ್ಣಿಗೆ ಕಾಣುತ್ತಿತ್ತು. ಆದುದರಿಂದಲೇ ಓದಬಲ್ಲವರು ಬಂದಾಗ ಓದಲು ಸಾಧ್ಯವಾಯಿತು. ಗುಡಿಯನ್ನಾಗಲಿ ಮನೆಯನ್ನಾಗಲಿ ಹೊಸದಾಗಿ ಕಟ್ಟಿಸುವವರು ಹಳೆಯ ಕಲ್ಲಿಗೆ ಗಾರೆ ಮೆತ್ತುವ ಮುನ್ನ ಅದರ ಎಲ್ಲ ಮುಖಗಳನ್ನೂ ನೋಡಲಿ. ಅಕ್ಷರ ಕಂಡರೆ ಛಾಯಾಚಿತ್ರ ತೆಗೆದು ಮೈಸೂರಿನಲ್ಲಿರುವ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಶಾಸನ ವಿಭಾಗಕ್ಕೆ ತಿಳಿಸಲಿ. ಬರಹದ ಮುಖವನ್ನು ಹೊರಕ್ಕೆ ಬಿಟ್ಟು ಕಲ್ಲನ್ನು ನಿಲ್ಲಿಸಲಿ.