ಅಚಲವಲ್ಲದ ಹಿಮಾಚಲ

ಬದರಿಗೆ ಹೋಗಿ ಬಂದವರನ್ನು ನಮ್ಮ ಕಡೆ ಮೊದಲು ಕೇಳುವುದು, ‘ದರ್ಶನ ಚೆನ್ನಾಗಿ ಆಯಿತೇ?’ ಎಂದು. ಎರಡನೆಯದು, ‘ರಸ್ತೆ ಹೇಗಿದೆ?’ 2023ರ ಅಕ್ಟೋಬರಿನಲ್ಲಿ ಹೋಗಿ ಬಂದ ಮೇಲೆ ಈ ಎರಡನೆಯ ಪ್ರಶ್ನೆ ಕೇಳಿದರೆ ನನಗೆ ಮೈ ಉರಿಯುತ್ತದೆ.

ಇಪ್ಪತ್ತೇಳು ವರ್ಷ ಸಮಾಜ ಪಾಠ ಮಾಡಿದವಳು ನಾನು. ಮೇಜಿನ ಮೇಲೆ ಕರವಸ್ತ್ರ ಹಾಸಿ, ಎರಡೂ ಕಡೆಯಿಂದ ತಳ್ಳಿ, ‘ನೋಡಿ, ಹೀಗೆ ಎದ್ದಿತು ಹಿಮಾಲಯ’ ಎಂದು ತೋರಿಸುತ್ತಿದ್ದೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಏಷ್ಯಾದ ಫಲಕಕ್ಕೆ ಢಿಕ್ಕಿ ಹೊಡೆದದ್ದು, ನಡುವಿನ ಟೆಥಿಸ್ ಸಮುದ್ರದ ತಳ ಮೇಲೆದ್ದದ್ದು, ಎಲ್ಲ ಬಾಯಿಪಾಠ. ಆ ತಳ್ಳಾಟ ನಿಂತಿಲ್ಲ, ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಷ್ಟು ನಡೆದೇ ಇದೆ ಎಂದೂ ಹೇಳುತ್ತಿದ್ದೆ. ಅದರ ಅರ್ಥ ಹೊಳೆದದ್ದು ಮಾತ್ರ ಜೋಶಿಮಠದಲ್ಲಿ.

ನಮ್ಮ ಶೃಂಗೇರಿಯಂತೆ ಶಂಕರಾಚಾರ್ಯರ ಪೀಠವಿರುವ ಊರು ಅದು. 2023ರ ಜನವರಿಯಲ್ಲಿ ಅಲ್ಲಿ 800ಕ್ಕೂ ಹೆಚ್ಚು ಕಟ್ಟಡ ಬಿರುಕು ಬಿಟ್ಟವು. ನಾನು ನೋಡಿದ ಮನೆಗೆ ಬೀಗ, ಗೋಡೆಯ ಮೇಲೆ ಕೆಂಪು ಗುಣಾಕಾರದ ಗುರುತು. ಬಿರುಕಿನೊಳಗೆ ನನ್ನ ಬೆರಳು ಸಲೀಸಾಗಿ ಹೋಯಿತು. ಮನೆಯೊಡತಿ ಬಾಡಿಗೆ ಕೋಣೆಯಲ್ಲಿದ್ದಾಳೆ, ಹಸು ಹಳೆಯ ಕೊಟ್ಟಿಗೆಯಲ್ಲೇ ಇದೆ. ಹಾಲು ಕರೆಯಲು ದಿನಾ ಎರಡು ಸಲ ಆ ಗೋಡೆಯ ಪಕ್ಕವೇ ಬರುತ್ತಾಳಂತೆ.

ಆ ಊರು ನಿಂತಿರುವುದೇ ಹಳೆಯ ಭೂಕುಸಿತದ ಮಣ್ಣುಗುಡ್ಡೆಯ ಮೇಲೆ. ಬಂಡೆ ಸಿಡಿಸಬೇಡಿ, ಮರ ಕಡಿಯಬೇಡಿ ಎಂದು ಸರಕಾರವೇ ನೇಮಿಸಿದ ಮಿಶ್ರಾ ಸಮಿತಿ 1976ರಲ್ಲೇ ಹೇಳಿತ್ತು. ಅದಕ್ಕೂ ಮೊದಲು, 1974ರಲ್ಲಿ, ಹತ್ತಿರದ ರೈಣಿಯಲ್ಲಿ ಗೌರಾದೇವಿ ಮತ್ತು ಊರಿನ ಹೆಂಗಸರು ಕೊಡಲಿಗೆ ಅಡ್ಡ ನಿಂತಿದ್ದರು. ಕೇಳಿದವರು ಯಾರು? ಸುರಂಗ ಬಂತು, ವಿದ್ಯುತ್ ಯೋಜನೆ ಬಂತು, ಮಹಡಿ ಮೇಲೆ ಮಹಡಿ ಹೋಟೆಲು ಬಂದವು. ನಾಲ್ಕು ಧಾಮಗಳಿಗೆ ಸುಮಾರು 900 ಕಿಲೋಮೀಟರ್ ರಸ್ತೆ ಅಗಲವಾಗುತ್ತಾ ಹೋಯಿತು. 2021ರ ಫೆಬ್ರವರಿಯ ಪ್ರವಾಹ ಬಂದದ್ದೂ ರೈಣಿಯ ಮೇಲೆಯೇ.

ರಸ್ತೆ ಸೈನ್ಯಕ್ಕೆ ಬೇಕು ಎನ್ನುತ್ತಾರೆ. ಇರಲಿ. ಆದರೆ ಹೋಟೆಲಿನ ಐದನೆಯ ಮಹಡಿ ಸೈನ್ಯಕ್ಕಲ್ಲವಲ್ಲ! ಅದು ಬಿಸಿನೀರು, ಕಮೋಡು, ಟೀವಿ ಕೇಳುವ ನಮಗೆ. ನಾನೇನು ಸಾಚಾ ಅಲ್ಲ. ಗುಡ್ಡ ಕುಸಿದು ಬಸ್ಸು ಮೂರು ಗಂಟೆ ನಿಂತಾಗ, ‘ಇನ್ನೂ ಅಗಲ ಮಾಡಬಾರದೇ ಇವರು’ ಎಂದು ಗೊಣಗಿದವಳು ನಾನೇ.

ಮೊನ್ನೆ ನಾದಿನಿ ಜಾಹೀರಾತು ಹಿಡಿದು ಬಂದಳು: ಹೆಲಿಕಾಪ್ಟರಿನಲ್ಲಿ ನಾಲ್ಕು ಧಾಮ. ‘ಹದಿನೈದು ದಿನ ರಜ ಹಾಕು, ಸಿಕ್ಕ ಕಡೆ ಮಲಗು, ಹಾಗಾದರೆ ಹೋಗು’ ಎಂದೆ. ‘ಅಷ್ಟು ದಿನ ಮನೆ ನೋಡುವವರು ಯಾರು ಅತ್ತಿಗೆ?’ ಎಂದಳು. ಜೋಶಿಮಠದವಳ ಮನೆ ನೋಡುವವರು ಯಾರು ಎಂದು ನಾನು ಕೇಳಿದೆ.