ತಂದೆ ಕೊಡುವ ಆಸ್ತಿ

ಹೊಲ, ಮನೆ, ಮಗ್ಗ ಇವು ತಂದೆಯಿಂದ ಮಗನಿಗೆ ಬರಲು ಕಾಗದಪತ್ರಗಳು ಸಾಕು. ಶ್ರದ್ಧೆಯು ಹಾಗೆ ಬರುವ ವಸ್ತುವಲ್ಲ. ತಂದೆ ಎಷ್ಟೇ ಕೊಟ್ಟರೂ, ಮಗನು ಕೈನೀಡಿ ತೆಗೆದುಕೊಂಡಲ್ಲದೆ ಅದು ಅವನದಾಗದು.

ಸಾವಳಗಿಯಿಂದ ರಬಕವಿ–ಬನಹಟ್ಟಿಗಳ ಕಡೆಗೆ ಹೋದವರು ಮಗ್ಗದ ಸದ್ದನ್ನು ಕೇಳಿಯೇ ಇರುತ್ತಾರೆ. ಅದೇ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡವೂ ನೇಕಾರರ ಊರು, ಖಣಕ್ಕೆ ಹೆಸರಾದುದು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು, 1851ರಲ್ಲಿ ಈ ಗುಳೇದಗುಡ್ಡದಲ್ಲಿ ನೆಲೆಯೂರಿದರು. ಆ ಕಾಲದಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದವನು ಬಂಧುಬಳಗದ ಮುನಿಸನ್ನೂ ಸ್ವೀಕರಿಸಬೇಕಾಗಿತ್ತು. ಅವನು ಬೆಲೆ ತೆತ್ತು ಕೊಂಡುದನ್ನು ಅವನ ಮಗನು ಬೆಲೆಯಿಲ್ಲದೆಯೇ ಪಡೆದನು. ಬಿಟ್ಟಿಯಾಗಿ ಬಂದುದರ ಬೆಲೆ ಮಗನಿಗೆ ತಿಳಿಯುವುದೆಂತು? ಮೊದಲ ತಲೆಮಾರಿನ ಪ್ರತಿಯೊಬ್ಬ ತಂದೆಯ ಮುಂದೆಯೂ ನಿಂತ ಪ್ರಶ್ನೆ ಇದು.

ಆ ಸಭೆಯ ಪದ್ಧತಿಯಲ್ಲಿಯೇ ಇದಕ್ಕೊಂದು ಉತ್ತರವುಂಟು. ಕೂಸಿಗೆ ದೀಕ್ಷಾಸ್ನಾನವಾಗುವಾಗ ಹೆತ್ತವರು ಮಾತು ಕೊಡುತ್ತಾರೆ. ಮಗು ಬೆಳೆದು ತಿಳಿವಳಿಕೆ ಬಂದ ಮೇಲೆ, ದೃಢೀಕರಣದ ದಿನ ಸಭೆಯ ಮುಂದೆ ನಿಂತು, ಅದೇ ಮಾತನ್ನು ತನ್ನ ಬಾಯಿಂದ ತಾನೇ ಆಡಬೇಕು. ಈ ಎರಡು ದಿನಗಳ ನಡುವಣ ವರ್ಷಗಳೇ ತಂದೆಯ ಪಾಲಿಗೆ ಬಂದ ಕಾಲ. ಮನೆಯಲ್ಲಿ ಕುಳಿತಾಗಲೂ, ದಾರಿ ನಡೆಯುವಾಗಲೂ, ಮಲಗುವಾಗಲೂ ಏಳುವಾಗಲೂ ಮಕ್ಕಳಿಗೆ ದೇವರ ಆಜ್ಞೆಗಳನ್ನು ಹೇಳಿಕೊಡಬೇಕೆಂದು ಬೈಬಲಿನ ಧರ್ಮೋಪದೇಶಕಾಂಡ ವಿಧಿಸುತ್ತದೆ. ಅಲ್ಲಿ ಶಾಲೆಯ ಹೆಸರಿಲ್ಲ. ಉಪದೇಶಪೀಠದ ಹೆಸರೂ ಇಲ್ಲ. ನೇಕಾರನ ಮಗನು ಮಗ್ಗದ ಪಕ್ಕದಲ್ಲಿ ಕುಳಿತೇ ನೇಯ್ಗೆಯನ್ನು ಕಲಿಯುವಂತೆ, ಇದೂ ಬಳಿಯಲ್ಲಿದ್ದು ಕಲಿಯುವ ವಿದ್ಯೆ.

ಹೀಗೆ ಪಡೆದ ಮಗನೊಬ್ಬನನ್ನು ಕನ್ನಡಿಗರೆಲ್ಲರೂ ಬಲ್ಲರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರ ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಹೆಸರುಗಳನ್ನೇ ನೋಡಿರಿ! ಬೈಬಲಿನ ದಾನಿಯೇಲನಿಗೆ ನಮ್ಮ 'ಅಪ್ಪ' ಸೇರಿದ್ದಾನೆ. ಮಗನಾದರೋ ಅಚ್ಚ ಕನ್ನಡದ ಚನ್ನಪ್ಪನಾಗಿಯೇ ಉಳಿದಿದ್ದಾನೆ. ತಂದೆಯ ಧರ್ಮವನ್ನು ಮಗ ಬಿಡಲಿಲ್ಲ. ಅದರ ಬೋಧಕನೇ ಆದರು. ಆದರೆ ಅದೇ ಕೈ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ನಾಡಿಗೆ ನೀಡಿತು. ಶರಣಸಾಹಿತ್ಯವನ್ನು ಅಕ್ಕರೆಯಿಂದ ಶೋಧಿಸಿತು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿ ಗೌರವಿಸಿತು. ಪಡೆದ ಶ್ರದ್ಧೆಯು ನಿಜವಾಗಿ ತನ್ನದಾದವನಿಗೆ ನೆರೆಯವನ ಶ್ರದ್ಧೆ ಅಂಜಿಕೆಯನ್ನು ಹುಟ್ಟಿಸುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

1914ರಲ್ಲಿ ಮಹಾಯುದ್ಧ ಆರಂಭವಾದ ಮೇಲೆ ಜರ್ಮನ್ ಮಿಶನರಿಗಳು ಸೆರೆಯಾಗಿ ದೇಶ ಬಿಡಬೇಕಾಯಿತು. ಆದರೂ ಸಭೆಗಳು ಅಳಿಯಲಿಲ್ಲ. ದೇವಾಲಯದ ದೀಪಕ್ಕೆ ಮನೆಮನೆಯ ದೀಪ ಆಸರೆಯಾಯಿತು.

ಇಂದಿನ ತಂದೆಗೆ ಬಂದ ಇಕ್ಕಟ್ಟು ಬೇರೆ ಬಗೆಯದು. ಕಿಟ್ಟೆಲರು 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಅಳವಡಿಸಿ 'ಕಥಾಮಾಲೆ'ಯನ್ನು ರಚಿಸಿದರು. ದೂರದ ಜರ್ಮನಿಯಿಂದ ಬಂದವರು ನಮ್ಮ ನುಡಿಯನ್ನು ಅಷ್ಟು ಶ್ರಮಪಟ್ಟು ಕಲಿತರು. ಪಟ್ಟಣದ ನಮ್ಮ ಮಕ್ಕಳು ಅಜ್ಜಿಯ ಕೀರ್ತನೆಯ ಪುಸ್ತಕವನ್ನು ಬಿಡಿಸಿ ಓದಲಾರದೆ ಮುಚ್ಚಿಡುತ್ತಾರೆ. ಇದು ಕ್ರೈಸ್ತರ ಮನೆಯ ಮಾತು ಮಾತ್ರವೇ? ವಚನದ ಕಟ್ಟನ್ನೂ ದಾಸರ ಪದಗಳನ್ನೂ ಕಪಾಟಿನಲ್ಲಿಟ್ಟು ಪೂಜಿಸುವ ಮನೆಗಳು ನಮ್ಮಲ್ಲಿ ಕಡಿಮೆಯೇ?

ಮಗನು ಒಪ್ಪುವನೋ ಬಿಡುವನೋ, ಅದು ತಂದೆಯ ಕೈಯಲ್ಲಿಲ್ಲ. ಆದರೆ ಒಪ್ಪುವುದಕ್ಕಾಗಲಿ ಬಿಡುವುದಕ್ಕಾಗಲಿ ಅದು ಏನೆಂಬುದಾದರೂ ಅವನಿಗೆ ತಿಳಿದಿರಬೇಡವೇ? ಸಂಜೆಯ ಹೊತ್ತು ದೀಪ ಹಚ್ಚಿ, ಮಗುವನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಒಂದು ಪುಟವನ್ನು ಗಟ್ಟಿಯಾಗಿ ಓದುವಷ್ಟು ಬಿಡುವು ಯಾವ ತಂದೆಗೂ ಸಿಕ್ಕೀತು.