ಕೂಸಿನ ಕಿವಿಗೆ ಯಾವ ಸದ್ದು?

ತೊಟ್ಟಿಲ ಕೂಸು ತನಗೆ ಕೇಳಿಸಿತೆಂದಾಗಲಿ ಕೇಳಿಸಲಿಲ್ಲವೆಂದಾಗಲಿ ಹೇಳಲಾರದು. ಚಪ್ಪಾಳೆ ತಟ್ಟಿದಾಗ ಅದು ಬೆಚ್ಚಿದರೆ ಕಿವಿ ಚೆನ್ನಾಗಿದೆಯೆಂದು ಮನೆಯವರು ನಿಶ್ಚಿಂತರಾಗುವರು. ಈ ನಿಶ್ಚಿಂತೆಗೆ ಸಾಕಷ್ಟು ಆಧಾರವಿಲ್ಲ. ಚಪ್ಪಾಳೆಯಲ್ಲಿ ಅನೇಕ ಆವೃತ್ತಿಗಳು ಬೆರೆತಿರುವುದರಿಂದ, ಅವುಗಳಲ್ಲಿ ಒಂದು ಭಾಗ ಮಾತ್ರ ಕೇಳಿಸಿದರೂ ಕೂಸು ಬೆಚ್ಚಬಹುದು. 'ಆ'ಕಾರ ಕೇಳಿಸಿಯೂ 'ಸ'ಕಾರ ಕೇಳಿಸದ ಕಿವಿಗಳುಂಟು.

ಕೂಸಿನ ಉತ್ತರಕ್ಕೆ ಕಾಯದೆ ಅದರ ನರಗಳನ್ನೇ ಪ್ರಶ್ನಿಸುವ ವಿಧಾನವೊಂದುಂಟು. ಜುವೆಟ್ ಮತ್ತು ವಿಲಿಸ್ಟನ್ ಎಂಬ ವಿಜ್ಞಾನಿಗಳು 1971ರಲ್ಲಿ ಇದರ ತಳಹದಿಯನ್ನು ವಿವರಿಸಿದರು. ನಿದ್ರಿಸುತ್ತಿರುವ ಕೂಸಿನ ತಲೆಗೆ ವಿದ್ಯುದ್ವಾರಗಳನ್ನು ಅಂಟಿಸಿ, ಕಿವಿಯಲ್ಲಿ ಸದ್ದು ಮಾಡಿ, ಶ್ರವಣನರ ಮತ್ತು ಮಿದುಳುಕಾಂಡದಲ್ಲಿ ಏಳುವ ವಿದ್ಯುತ್ತರಂಗವನ್ನು ಅಳೆಯುವರು. ಈ ತರಂಗ ಸಾಮಾನ್ಯವಾಗಿ 1 ಮೈಕ್ರೊವೋಲ್ಟಿಗಿಂತಲೂ ಕಡಮೆ. ಮಿದುಳಿನ ಇತರ ವಿದ್ಯುತ್ ಚಟುವಟಿಕೆ ಇದಕ್ಕಿಂತ ಅನೇಕ ಪಟ್ಟು ಹೆಚ್ಚು. ಆದಕಾರಣ ಸದ್ದನ್ನು ಸಾವಿರಾರು ಸಲ ಪುನರಾವರ್ತಿಸಿ ಸರಾಸರಿ ತೆಗೆಯಬೇಕು. ಗದ್ದಲವನ್ನು ಅರ್ಧಕ್ಕಿಳಿಸಬೇಕಾದರೆ ಪುನರಾವರ್ತನೆ ನಾಲ್ಕು ಪಟ್ಟಾಗಬೇಕು. ಅಂತೆಯೇ, ತರಂಗವನ್ನು ಇಮ್ಮಡಿಗೊಳಿಸುವ ಸದ್ದೊಂದು ದೊರೆತರೆ ಕಾಲುಭಾಗ ಸಮಯ ಸಾಕು. ಕೂಸು ಏಳುವುದರೊಳಗೆ ಪರೀಕ್ಷೆ ಮುಗಿಯಬೇಕಲ್ಲವೆ?

ಬಹುಕಾಲದಿಂದ ಬಳಕೆಯಲ್ಲಿರುವ ಸದ್ದು 'ಕ್ಲಿಕ್'. ಸೆಕೆಂಡಿನ ಹತ್ತುಸಾವಿರದಲ್ಲಿ ಒಂದು ಭಾಗದ ಸ್ಪಂದ. 1961ರಲ್ಲಿ ನೊಬೆಲ್ ಬಹುಮಾನ ಪಡೆದ ಬೆಕೆಸಿ ತೋರಿಸಿದಂತೆ, ಶಬ್ದವು ಒಳಗಿವಿಯ ಸುರುಳಿಯಲ್ಲಿ ಅಲೆಯಾಗಿ ಸಾಗುವುದು. ಉಚ್ಚ ಆವೃತ್ತಿಗಳು ಬುಡದಲ್ಲೇ ತಲಪುವುವು. ನೀಚ ಆವೃತ್ತಿಗಳು ತುದಿಯನ್ನು ಮುಟ್ಟಲು ಇನ್ನೂ ಕೆಲವು ಮಿಲಿಸೆಕೆಂಡುಗಳು ಬೇಕು. ಹೀಗಾಗಿ ನರತಂತುಗಳು ಒಟ್ಟಿಗೆ ಉತ್ತರಿಸುವುದಿಲ್ಲ. 'ಚರ್ಪ್' ಎಂಬ ಸದ್ದಿನಲ್ಲಿ ನೀಚ ಆವೃತ್ತಿಗಳನ್ನು ಮೊದಲು, ಉಚ್ಚವನ್ನು ಅನಂತರ ಕಳುಹಿಸುವರು. ದೂರದೂರಿನವರು ಮುಂಚೆ, ಹತ್ತಿರದವರು ತಡವಾಗಿ ಹೊರಟರೆ ಎಲ್ಲರೂ ಏಕಕಾಲಕ್ಕೆ ತೇರಿನ ಹಗ್ಗ ಹಿಡಿಯುವಂತೆ, ಇಲ್ಲಿ ನರತಂತುಗಳು ಒಟ್ಟಾಗಿ ಉತ್ತರಿಸುವುವು. ಮೆಲುದನಿಯಲ್ಲಿಯೂ ತರಂಗ ದೊಡ್ಡದಾಗುವುದು. ಸದ್ದು ಬಹಳ ಜೋರಾದಾಗ ಮಾತ್ರ ಈ ಅನುಕೂಲ ಉಳಿಯದು.

ಹಾಗಾದರೆ ಚರ್ಪ್ ಒಂದೇ ಸಾಕೆ? ಸಾಲದೆಂದು ನನ್ನ ಅಭಿಪ್ರಾಯ. ದೊಡ್ಡ ತರಂಗವೇ ಒಳ್ಳೆಯ ಪರೀಕ್ಷೆಯ ಲಕ್ಷಣವಲ್ಲ. ಕ್ಲಿಕ್ ಆಗಲಿ, ಎಲ್ಲ ಆವೃತ್ತಿಗಳನ್ನೂ ಒಳಗೊಂಡ ಚರ್ಪ್ ಆಗಲಿ, ಸುಧಾರಿಸಿದ ಚಪ್ಪಾಳೆಗಳೇ. ಯಾವ ಆವೃತ್ತಿ ಕೇಳಿಸದೆಂಬುದನ್ನು ಅವು ಸ್ಪಷ್ಟವಾಗಿ ತಿಳಿಸಲಾರವು. ಶ್ರವಣಯಂತ್ರವನ್ನು ಹೊಂದಿಸುವವನಿಗೆ ಬೇಕಾದುದು ಅದೇ. ಆದ್ದರಿಂದ ಎಲ್ಲ ಶಿಶುಗಳ ಪ್ರಥಮ ತಪಾಸಣೆಗೆ ಚರ್ಪ್ ಇರಲಿ. ದೋಷದ ಸಂಶಯ ಬಂದ ಕೂಸಿಗೆ 500, 1000, 2000, 4000 ಹರ್ಟ್ಸುಗಳ ಕಿರುಸ್ವರಗಳಿಂದಲೋ ಅದೇ ಆವೃತ್ತಿಗಳ ಸುತ್ತಲಿನ ಕಿರುಪಟ್ಟಿಯ ಚರ್ಪುಗಳಿಂದಲೋ ಎರಡು ಕಿವಿಗಳನ್ನೂ ಬೇರೆಬೇರೆಯಾಗಿ ಪರೀಕ್ಷಿಸಲೇಬೇಕು.

ಇದಕ್ಕೆ ಹೆಚ್ಚು ಹೊತ್ತು ಹಿಡಿಯುವುದು ನಿಜ. ಕೂಸು ಎಚ್ಚರಗೊಂಡರೆ ಮತ್ತೊಂದು ದಿನ ಬರಬೇಕಾದೀತು. ಆದರೆ ಅರೆಬರೆ ಅಳತೆಯಿಂದ ತಪ್ಪಾಗಿ ಹೊಂದಿಸಿದ ಯಂತ್ರವು ಭಾಷೆ ಕಲಿಯುವ ಅಮೂಲ್ಯವಾದ ತಿಂಗಳುಗಳನ್ನೇ ಕಸಿದುಕೊಳ್ಳುವುದು. ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ಪರಿಹಾರದ ಆರಂಭ ಎಂಬುದು ತಜ್ಞರು ಇಟ್ಟುಕೊಂಡಿರುವ ಗುರಿ. "ಕಿವಿ ಕೇಳಿಸುವುದೆ?" ಎಂಬ ಪ್ರಶ್ನೆಯೊಂದಿಗೆ "ಯಾವ ಸದ್ದಿನಿಂದ ಪರೀಕ್ಷಿಸಿದಿರಿ?" ಎಂಬುದನ್ನೂ ತಂದೆತಾಯಿಗಳು ಕೇಳುವಂತಾಗಬೇಕು.